ಮೈಸೂರಿನಿಂದ ಗವಿಗೆ ಹೊರಟವರಿಗೆ: ಐದು ಜಾಗ, ಐದು ಬಗೆಯ ಕಷ್ಟ

ಗುಹೆ ಪ್ರವಾಸ ಮಾರುವವರ ಜಾಹೀರಾತಿನಲ್ಲಿ ‘ಸುಲಭ, ಮಧ್ಯಮ, ಕಠಿಣ’ ಅಂತ ಮೂರು ಬಣ್ಣ ಬಳಿದಿರುತ್ತಾರೆ. ಬಹುಪಾಲು ಅದು ಬೆಟ್ಟ ಹತ್ತುವ ದೂರದ ಲೆಕ್ಕ. ಗವಿಯೊಳಗೆ ಕಿಲೋಮೀಟರಿಗೆ ಅಷ್ಟು ಬೆಲೆ ಇಲ್ಲ. ಆಂಧ್ರದ ಬೇಲಂ ಗುಹೆಯಲ್ಲಿ ಒಂದೂವರೆ ಕಿಲೋಮೀಟರು ದಾರಿಯನ್ನು ಮಂಡಿ ಗಟ್ಟಿಯಿರುವ ಅಜ್ಜಿಯೂ ನಡೆದು ಮುಗಿಸಬಹುದು. ಕೋಲಾರದ ಅಂತರಗಂಗೆಯಲ್ಲಿ ಹದಿನೈದು ಅಡಿ ಸಂದಿಗೆ ಜಿಮ್‌ನಲ್ಲಿ ಎದೆ ಬೆಳೆಸಿದ ಹುಡುಗ ಹತ್ತು ನಿಮಿಷ ಒದ್ದಾಡುತ್ತಾನೆ. ಬೆಳೆಸಿದ ಆ ಎದೆಯೇ ಅವನಿಗೆ ಅಡ್ಡಿ.

ಹಾಗಾಗಿ ಇಲ್ಲಿ ಹೋಲಿಸುವಾಗ ಎತ್ತರ, ದೂರ ಬದಿಗಿಟ್ಟು ನಾಲ್ಕು ಪ್ರಶ್ನೆ ಹಿಡಿದುಕೊಂಡಿದ್ದೇವೆ. ಕೈ ಊರದೆ ಹೋಗಬಹುದೆ? ನಡುವೆ ಬೇಡ ಅನ್ನಿಸಿದರೆ ತಿರುಗಿ ಬರಲು ಜಾಗ ಇದೆಯೆ? ಒಳಗೆ ಗಾಳಿ ಆಡುತ್ತದೆಯೆ? ಮಳೆ ಬಂದರೆ ನೀರು ಎಲ್ಲಿ ಸೇರುತ್ತದೆ? ನಾಲ್ಕರಲ್ಲಿ ಎರಡನೆಯದಕ್ಕೆ ನಮ್ಮ ತಕ್ಕಡಿಯಲ್ಲಿ ತೂಕ ಜಾಸ್ತಿ. ಸಂದಿಯಲ್ಲಿ ಹೆದರಿ ನಿಂತವನಿಗೆ ‘ಏನಾಗಲ್ಲ ಬಾ’ ಅಂತ ಹತ್ತು ಸಲ ಕೂಗುವುದಕ್ಕಿಂತ ‘ಹಿಂದಕ್ಕೆ ಹೀಗೆ ಹೋಗಬಹುದು’ ಅಂತ ಒಂದು ಸಲ ತೋರಿಸಿದರೆ ಬೇಗ ಉಸಿರು ಹದಕ್ಕೆ ಬರುತ್ತದೆ.

ಮೊದಲು ಕಲ್ಲಿನ ವಿಷಯ

ಮೈಸೂರು, ಮಂಡ್ಯ, ರಾಮನಗರ, ಕೋಲಾರದ ಬೆಟ್ಟಗಳು ಹೆಚ್ಚಾಗಿ ಗ್ರಾನೈಟ್ ಮತ್ತು ನೈಸ್ (gneiss) ಎಂಬ ಪಟ್ಟೆಪಟ್ಟೆ ಕಲ್ಲಿನವು. ಈ ಕಲ್ಲು ನೀರಿನಲ್ಲಿ ಕರಗುವುದಿಲ್ಲ. ಬಿರುಕಿಗೆ ನೀರು ಇಳಿದು ಮೂಲೆಗಳು ಮೊದಲು ಸವೆಯುತ್ತವೆ, ಈರುಳ್ಳಿ ಸಿಪ್ಪೆಯ ಹಾಗೆ ಪದರ ಕಳಚುತ್ತಾ ಚೌಕವಾಗಿದ್ದದ್ದು ಗುಂಡಾಗುತ್ತದೆ. ಸುತ್ತಲ ಮಣ್ಣು ಕೊಚ್ಚಿಹೋದ ಮೇಲೆ ಆ ಗುಂಡುಗಳು ಒಂದರ ಮೇಲೊಂದು ಉಳಿಯುತ್ತವೆ. ನಮ್ಮ ಕಡೆ ಗವಿ ಅನ್ನುವುದು ಈ ಗುಂಡುಗಳ ನಡುವೆ ಉಳಿದ ಸಂದಿಗೆ. ಅದಕ್ಕೆ ಸರಿಯಾದ ನೆಲವೇ ಇರುವುದಿಲ್ಲ. ಕಾಲ ಕೆಳಗೆ ಮತ್ತೊಂದು ಸಂದಿ, ಅದರ ಕೆಳಗೆ ಇನ್ನೊಂದು. ಜೇಬಿನಿಂದ ಬೈಕ್ ಕೀ ಜಾರಿದರೆ ಠಣ್ ಠಣ್ ಅಂತ ಮೂರು ಸಲ ಕೇಳಿಸುತ್ತದೆ, ಆಮೇಲೆ ಅದು ನಿಮ್ಮದಲ್ಲ.

ಬೇಲಂ ಮತ್ತು ಮೇಘಾಲಯದ ಬಹುಪಾಲು ಗುಹೆಗಳು ಸುಣ್ಣದಕಲ್ಲಿನವು. ಗಾಳಿ ಮತ್ತು ಮಣ್ಣಿನಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿದ ಮಳೆನೀರು ತುಸು ಹುಳಿಯಾಗಿ ಈ ಕಲ್ಲನ್ನು ಕರಗಿಸುತ್ತಾ ಕೊಳವೆಯ ಹಾಗೆ ದಾರಿ ಕೊರೆಯುತ್ತದೆ. ಅಲ್ಲಿ ಗೋಡೆ ನುಣುಪು, ನೆಲ ಉಂಟು, ಆದರೆ ದಾರಿ ನೀರಿನದು. ಗ್ರಾನೈಟ್ ಸಂದಿಯಲ್ಲಿ ಪಳಗಿದವನು ಸುಣ್ಣದಕಲ್ಲಿನ ಗುಹೆಗೆ ಹೋದರೆ ಅವನ ಅರ್ಧ ಕಲಿಕೆಯಷ್ಟೇ ಉಪಯೋಗಕ್ಕೆ ಬರುತ್ತದೆ. ಈ ವ್ಯತ್ಯಾಸವನ್ನು ಪ್ಯಾಕೇಜ್ ಮಾರುವವರು ಹೇಳಿದ್ದು ಕಡಿಮೆ.

ಎಡಕಲ್ಲು ಎದುರು ಕುಂತಿಬೆಟ್ಟ

ಮೈಸೂರಿನವರು ‘ಗುಹೆ ನೋಡ್ಕೊಂಡು ಬರೋಣ’ ಅಂದರೆ ಸಾಮಾನ್ಯವಾಗಿ ಗುಂಡ್ಲುಪೇಟೆ, ಬಂಡೀಪುರ, ಸುಲ್ತಾನ್ ಬತ್ತೇರಿ ದಾಟಿ ವಯನಾಡಿನ ಎಡಕಲ್ಲಿಗೆ ಹೋಗುತ್ತಾರೆ. ಸುಮಾರು 120ರಿಂದ 130 ಕಿ.ಮೀ. ಹೆಸರಲ್ಲೇ ಎಲ್ಲಾ ಇದೆ: ಎಡೆಯಲ್ಲಿರುವ ಕಲ್ಲು. ಅಂಬುಕುತ್ತಿ ಬೆಟ್ಟದ ಎರಡು ಗೋಡೆಗಳ ನಡುವಿನ ಸೀಳಿಗೆ ಮೇಲಿಂದ ಒಂದು ದೊಡ್ಡ ಬಂಡೆ ಬಂದು ಸಿಕ್ಕಿಕೊಂಡು ಚಾವಣಿಯಾಗಿದೆ. ಶಾಸ್ತ್ರದ ಪ್ರಕಾರ ಇದು ಗುಹೆಯೇ ಅಲ್ಲ. ಗೋಡೆಯ ಮೇಲಿನ ನವಶಿಲಾಯುಗದ ಗೀರುಚಿತ್ರಗಳನ್ನು 1890ರ ದಶಕದಲ್ಲಿ ಹೊರಗಿನ ಲೋಕಕ್ಕೆ ತೋರಿಸಿದವರು ಮಲಬಾರಿನ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್.

ನಾಲ್ಕು ಪ್ರಶ್ನೆ ಹಾಕಿ. ಕೈ ಊರುವುದು ಬೇಡ, ಕಬ್ಬಿಣದ ಮೆಟ್ಟಿಲು, ಕಂಬಿ ಇದೆ. ತಿರುಗಿ ಬರಬಹುದು. ಮೇಲಿಂದ ಬೆಳಕು, ಗಾಳಿ ಎರಡೂ ಬೀಳುತ್ತವೆ, ಟಾರ್ಚ್ ಬೇಕಿಲ್ಲ. ನೀರಿನ ಭಯ ಮೆಟ್ಟಿಲು ಜಾರುವುದಕ್ಕಷ್ಟೇ. ಕಷ್ಟವಿರುವುದು ಗುಹೆಯಲ್ಲಲ್ಲ, ಗುಹೆಗೆ ಹೋಗುವ ಏರಿನಲ್ಲಿ. ಮಂಡಿ ನೋವಿನವರಿಗೆ ಏರುವುದಕ್ಕಿಂತ ಇಳಿಯುವಾಗ ಜಾಸ್ತಿ ಕಾಡುತ್ತದೆ. ಸೋಮವಾರ ಬಾಗಿಲು ಹಾಕಿರುತ್ತದೆ, ಮಧ್ಯಾಹ್ನ ಕಳೆದು ತಲುಪಿದರೆ ಟಿಕೆಟ್ ಸಿಗದೆ ಹೋಗಬಹುದು. ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಬತ್ತೇರಿಯಲ್ಲಿ ಊಟಕ್ಕೆ ಕೂತು ಹೊತ್ತು ಮರೆತವರು ಗೇಟಿನ ಈಚೆಯೇ ರಾತ್ರಿ ಕಳೆಯಬೇಕು.

ಕುಂತಿಬೆಟ್ಟ ಇದರ ತದ್ವಿರುದ್ಧ. ಪಾಂಡವಪುರದ ಪಕ್ಕದಲ್ಲೇ, ಮೈಸೂರಿನಿಂದ ಸುಮಾರು 30 ಕಿ.ಮೀ. ಹೈದರ್–ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದಕ್ಕೆ ಬ್ರಿಟಿಷರು ಊರನ್ನೇ ಫ್ರೆಂಚ್ ರಾಕ್ಸ್ ಅಂತ ಕರೆದರು. ‘ರಾಕ್ಸ್’ ಅಂದದ್ದು ಯಾಕೆ ಅಂತ ಬೆಟ್ಟ ನೋಡಿದರೆ ಗೊತ್ತಾಗುತ್ತದೆ. ಟಿಕೆಟ್ಟಿಗೆ ತಕ್ಕ ಗುಹೆಯೇನೂ ಇಲ್ಲಿಲ್ಲ. ಬಂಡೆಗಳ ನಡುವೆ ಜನ ಓಡಾಡಿ ಸವೆದ ಸಂದಿಗಳಿವೆ, ಕೆಲವು ನಾಲ್ಕಾರು ಮೀಟರು ಉದ್ದ, ಎರಡೂ ಕಡೆ ಬಾಯಿ ತೆರೆದವು. ಅದಕ್ಕೇ ಕಲಿಯುವವರಿಗೆ ಇದು ಎಡಕಲ್ಲಿಗಿಂತ ಎಷ್ಟೋ ಮೇಲು. ಮೂರು ಊರುಗಾಲು ಅಂದರೆ ಏನು ಅಂತ ಕೈಗೆ ತಿಳಿಯುವುದು ಇಲ್ಲಿ: ಎರಡು ಕೈ, ಎರಡು ಕಾಲು, ನಾಲ್ಕರಲ್ಲಿ ಯಾವಾಗಲೂ ಮೂರು ಕಲ್ಲಿನ ಮೇಲಿರಬೇಕು, ಒಂದು ಮಾತ್ರ ಅಲುಗಬೇಕು. ಹೇಳುವುದು ಸುಲಭ. ಮೊದಲ ಸಲ ಬಂದವರು ಕೈ ಎತ್ತುವಾಗಲೇ ಕಾಲನ್ನೂ ಎತ್ತುತ್ತಾರೆ, ಮೊಣಕಾಲು ಊರುತ್ತಾರೆ. ಮೊಣಕಾಲು ಊರಿದರೆ ಪಾದ ಇಡುವ ಜಾಗ ಕಣ್ಣಿಗೆ ಕಾಣುವುದಿಲ್ಲ, ಎದ್ದೇಳುವಾಗ ತಲೆ ಚಾವಣಿಗೆ ಬಡಿಯುತ್ತದೆ.

ಇಳಿಯುವಾಗ ಇನ್ನೊಂದು ತಪ್ಪು ಪದೇ ಪದೇ ಆಗುತ್ತದೆ. ಹೆದರಿದವರು ಹಿಂದಕ್ಕೆ ವಾಲಿ, ಅಂಡು ಊರಿಕೊಂಡು ಜಾರುತ್ತಾರೆ. ಆಗ ಭಾರ ಪಾದದ ಮೇಲೆ ಇರುವುದಿಲ್ಲ, ಶೂ ಹಿಡಿತ ಬಿಡುತ್ತದೆ. ಒಣ ಗ್ರಾನೈಟ್ ಮರಳುಕಾಗದದ ಹಾಗೆ ಹಿಡಿಯುವ ಕಲ್ಲು. ಪಾದದ ಮೇಲೆ ನೇರ ನಿಂತರೆ ಅದೇ ಹಿಡಿದುಕೊಳ್ಳುತ್ತದೆ. ಕಲ್ಲುಹೂ ಬೆಳೆದ ಬಂಡೆ ಒದ್ದೆಯಾದರೆ ಮಾತ್ರ ಈ ಮಾತೆಲ್ಲ ಸುಳ್ಳು. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ ಬಿದ್ದ ಮರುದಿನ ಹೋಗಬೇಡಿ.

ಕುಂತಿಬೆಟ್ಟಕ್ಕೆ ಎಡಕಲ್ಲಿನಲ್ಲಿಲ್ಲದ ಎರಡು ಅಪಾಯ ಉಂಟು: ಚಿರತೆ, ಹೆಜ್ಜೇನು. ಮೈಸೂರು–ಮಂಡ್ಯದ ಬಂಡೆಗುಡ್ಡ, ಕಬ್ಬಿನ ಗದ್ದೆ ಎರಡೂ ಚಿರತೆಗೆ ಮನೆಯೇ. ಜನ ಓಡಾಡದ ಸಂದಿಯ ಬಾಯಲ್ಲಿ ಮೂಳೆ, ಕೂದಲು ಸೇರಿದ ಲದ್ದಿ, ಕೊಳೆತ ವಾಸನೆ, ಏನನ್ನಾದರೂ ಎಳೆದ ಗುರುತು ಕಂಡರೆ ಟಾರ್ಚ್ ಬಿಟ್ಟು ಇಣುಕುವ ಕೆಲಸ ಬೇಡ, ಬಂದ ದಾರಿ ಹಿಡಿಯಿರಿ. ಮುಳ್ಳುಹಂದಿ ಮುಳ್ಳು ಬಿದ್ದಿದ್ದರೂ ಅಷ್ಟೇ. ಹೆಜ್ಜೇನು ಬಂಡೆಯ ಹೊರಚಾಚಿನ ಕೆಳಗೆ ಕಟ್ಟಿರುತ್ತದೆ. ಒಳಗಿನಿಂದ ಹೊರಗೆ ಬರುವಾಗ ತಲೆಗೆ ನೇರ ಮೇಲೆ. ಸೆಂಟು, ಹೊಗೆ, ಡ್ರೋನ್, ಕಿರುಚಾಟ ಯಾವುದೂ ಬೇಡ. ಜೇನು ಎದ್ದರೆ ಕೈಬೀಸದೆ ಮುಖ ಮುಚ್ಚಿ ಓಡಬೇಕು. ಬಂಡೆಯ ಮೇಲೆ ಓಡುವುದು ಸಾಧ್ಯವಿಲ್ಲವಲ್ಲ, ಅದಕ್ಕೇ ಮೊದಲೇ ತಲೆಯೆತ್ತಿ ನೋಡಿಕೊಳ್ಳುವುದು.

ನಮ್ಮ ತೀರ್ಮಾನ ನೇರ. ಚಿಕ್ಕ ಮಕ್ಕಳು, ಇತಿಹಾಸದ ಆಸಕ್ತಿ ಇರುವವರು ಎಡಕಲ್ಲಿಗೆ. ಮುಂದೆ ಅಂತರಗಂಗೆಗೆ ದುಡ್ಡು ಕಟ್ಟುವ ಯೋಚನೆ ಇರುವವರು ಅದಕ್ಕೆ ಮುಂಚೆ ಒಂದು ಬೆಳಿಗ್ಗೆ ಕುಂತಿಬೆಟ್ಟಕ್ಕೆ. ಪೆಟ್ರೋಲು, ಪಾಂಡವಪುರದಲ್ಲಿ ಇಡ್ಲಿ, ಇಷ್ಟೇ ಖರ್ಚು. ಸಂದಿ ತಮಗೆ ಆಗಿಬರುತ್ತದೋ ಇಲ್ಲವೋ ಅಂತ ಮಧ್ಯಾಹ್ನದೊಳಗೆ ಗೊತ್ತಾಗುತ್ತದೆ.

ಅಂತರಗಂಗೆ: ದೇಹ ಕಲಿಯುವ ಜಾಗ

ಕೋಲಾರ ಪಟ್ಟಣದಿಂದ ನಾಲ್ಕೈದು ಕಿ.ಮೀ., ಮೈಸೂರಿನಿಂದ 210 ಕಿ.ಮೀ. ಮೇಲೆ. ಶತಶೃಂಗ ಬೆಟ್ಟಸಾಲು. ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ, ಕಲ್ಲಿನ ಬಸವನ ಬಾಯಿಂದ ಬೀಳುವ ನೀರು. ಗುಹೆಗಳು ಗುಡಿಯಿಂದ ಇನ್ನೂ ಮೇಲೆ, ಬಂಡೆರಾಶಿಯ ಒಳಗೆ. ಕುಂತಿಬೆಟ್ಟದ್ದೇ ಜಾತಿಯ ಗವಿ. ಆದರೆ ಅಲ್ಲಿ ಒಂದು ಸಂದಿ ದಾಟಿದರೆ ಆಕಾಶ ಕಾಣುತ್ತದೆ, ಇಲ್ಲಿ ಒಂದು ದಾಟಿದರೆ ಇನ್ನೊಂದು ಶುರು. ತೆವಳುವುದು, ಬೆನ್ನು ಒಂದು ಗೋಡೆಗೂ ಪಾದ ಇನ್ನೊಂದಕ್ಕೂ ಒತ್ತಿ ಇಳಿಯುವುದು, ಕತ್ತಲಲ್ಲಿ ಕಾಲಿನಿಂದ ನೆಲ ಹುಡುಕುವುದು, ಮೂರೂ ಒಂದೇ ಕಡೆ ಬರುತ್ತವೆ. ಹಗಲು ಹೊತ್ತಿನಲ್ಲೂ ಒಳಗೆ ಹೆಡ್‌ಲ್ಯಾಂಪ್ ಬೇಕು.

ಇಲ್ಲಿ ಸಿಕ್ಕಿಕೊಳ್ಳುವುದು ಯಾಕೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಸಂದಿಗೆ ಹೊಕ್ಕವನು ಎರಡೂ ಕೈ ಮೈಗೆ ಒತ್ತಿಕೊಂಡು ಹೋಗುತ್ತಾನೆ. ಭುಜ ಅಗಲವಾಗಿಯೇ ಉಳಿಯುತ್ತದೆ, ಎಳೆದುಕೊಳ್ಳಲು ಕೈ ಇಲ್ಲ. ಕಾಲಿನಿಂದ ಜೋರಾಗಿ ತಳ್ಳುತ್ತಾನೆ, ಎದೆ ಗೂಟದ ಹಾಗೆ ಕೂರುತ್ತದೆ. ಗಾಬರಿಗೆ ಉಸಿರು ಎಳೆಯುತ್ತಾನೆ, ಎದೆ ಇನ್ನೂ ಉಬ್ಬುತ್ತದೆ. ‘ಕಲ್ಲು ಬಿಗೀತಾ ಇದೆ’ ಅಂತ ಅವನಿಗೆ ನಿಜವಾಗಿ ಅನ್ನಿಸುತ್ತದೆ. ಬಿಗಿಯುತ್ತಿರುವುದು ಅವನದೇ ಪಕ್ಕೆಲುಬು.

ಸರಿಯಾದ ಕ್ರಮ ಹೀಗೆ. ಜೇಬು ಖಾಲಿ ಮಾಡಿ, ಬೆಲ್ಟ್ ಬಿಚ್ಚಿ, ಬ್ಯಾಗನ್ನು ಮುಂದೆ ತಳ್ಳಿ ಅಥವಾ ಪಟ್ಟಿಯಿಂದ ಕಾಲಿಗೆ ಕಟ್ಟಿ ಎಳೆಯಿರಿ. ಒಂದು ಕೈ ತಲೆಯಾಚೆ ಚಾಚಿ, ಇನ್ನೊಂದು ತೊಡೆಯ ಪಕ್ಕ. ಹೀಗೆ ಮಾಡಿದರೆ ಭುಜಗಳು ಓರೆಯಾಗಿ ಅಗಲ ಕಡಿಮೆಯಾಗುತ್ತದೆ. ಉಸಿರು ಬಿಡುತ್ತಾ ಒಂದು ಗೇಣು ಮುಂದೆ, ನಿಂತು ಉಸಿರು, ಮತ್ತೆ ಬಿಡುತ್ತಾ ಒಂದು ಗೇಣು. ಇಳಿಜಾರಾದರೆ ಕಾಲು ಮೊದಲು, ಯಾವಾಗಲೂ. ತಲೆಕೆಳಗಾಗಿ ಇಳಿದು ಸಿಕ್ಕಿದರೆ ಮೈಭಾರವೇ ಒಳಕ್ಕೆ ತಳ್ಳುತ್ತದೆ, ಹಿಂದಕ್ಕೆ ಎಳೆದುಕೊಳ್ಳುವ ಶಕ್ತಿ ಯಾರಿಗೂ ಇರುವುದಿಲ್ಲ. ಸಿಕ್ಕಿಕೊಂಡಾಗ ಮಾಡುವುದು ಒಂದೇ: ತಳ್ಳುವುದು ನಿಲ್ಲಿಸಿ, ಮೂರು ಉಸಿರು ಕಾಯ್ದು, ಕೊನೆಗೆ ಮಾಡಿದ ಚಲನೆಯನ್ನು ತಿರುವಿ ಮಾಡುವುದು. ಹಿಂದಿನವರು ಪಾದದ ಹಿಮ್ಮಡಿಗೆ ತಮ್ಮ ಅಂಗೈ ಒಡ್ಡಿದರೆ ಸಾಕು, ಅದರ ಮೇಲೆ ಕಾಲು ಊರಿ ಅವನೇ ಬರುತ್ತಾನೆ. ಎಳೆಯಬೇಡಿ. ಎಳೆದರೆ ಅಂಗಿ ಕಂಕುಳಲ್ಲಿ ಮುದುಡಿ ಇನ್ನಷ್ಟು ಬಿಗಿಯುತ್ತದೆ.

ಇದನ್ನು ಮನೆಯ ಹಜಾರದಲ್ಲೇ ನೋಡಿಕೊಳ್ಳಬಹುದು. ಹಗುರವಾದ ಒಂದು ಪ್ಲೈವುಡ್ ಹಲಗೆ, ಎರಡೂ ಕೊನೆಗೆ ಇಟ್ಟಿಗೆ. ಇಟ್ಟಿಗೆ ಸುಮಾರು 3 ಇಂಚು ದಪ್ಪವಿದ್ದರೆ ನಾಲ್ಕು ಇಟ್ಟಿಗೆಗೆ 12 ಇಂಚು ಸಂದಿ, ಮೂರಕ್ಕೆ 9. ಬಹುತೇಕ ದೊಡ್ಡವರು ನಾಲ್ಕರಲ್ಲಿ ತೆವಳಿ ಬರುತ್ತಾರೆ. ಮೂರಕ್ಕೆ ಇಳಿಸಿದಾಗ ಎಲ್ಲಿ ತಾಗುತ್ತದೆ ಅಂತ ಗಮನಿಸಿ. ಹೊಟ್ಟೆ ಅಷ್ಟಾಗಿ ಅಡ್ಡಿ ಮಾಡುವುದಿಲ್ಲ, ಅದು ಜರುಗುತ್ತದೆ. ಎದೆಗೂಡು, ಸೊಂಟದ ಮೂಳೆ ಜರುಗುವುದಿಲ್ಲ. ಹಲಗೆಯ ಮೇಲೆ ಭಾರ ಇಡಬೇಡಿ, ಒದ್ದರೆ ಏಳುವಂತಿರಲಿ. ನಾಲ್ಕು ಇಟ್ಟಿಗೆಯಲ್ಲೇ ಎದೆ ಡವಡವ ಅನ್ನುವವರು ಅಂತರಗಂಗೆಗೆ ಹೋಗಿ ಗುಂಪಿನ ಮುಂದೆ ಮುಜುಗರ ಪಡುವುದು ಬೇಡ, ಅವರಿಗೆ ಬೇಲಂ ಚೆನ್ನಾಗಿ ಹಿಡಿಸುತ್ತದೆ.

ದುಡ್ಡು ಕೊಡುವ ಮುಂಚೆ ಕೇಳಬೇಕಾದ ಪ್ರಶ್ನೆ: ಎಷ್ಟು ಜನಕ್ಕೆ ಒಬ್ಬ ಗೈಡ್? ಇಪ್ಪತ್ತು ಜನರ ತಂಡ, ಒಂದು ಇಕ್ಕಟ್ಟಿಗೆ ತಲಾ ಎರಡು ನಿಮಿಷ ಅಂದರೆ ಕೊನೆಯವನ ಸರದಿ ಮುಗಿಯುವಷ್ಟರಲ್ಲಿ ನಲವತ್ತು ನಿಮಿಷ. ಅಂಥ ಐದು ಇಕ್ಕಟ್ಟು ಇದ್ದರೆ ಅವನ ಪ್ರವಾಸವೆಲ್ಲ ಬಂಡೆಯ ಮೇಲೆ ಕಾಯುವುದರಲ್ಲೇ ಮುಗಿಯಿತು. ಎಂಟಕ್ಕಿಂತ ಹೆಚ್ಚಿದ್ದರೆ ಒಬ್ಬ ಗೈಡ್ ಸಾಲದು, ಮುಂದೊಬ್ಬ ಹಿಂದೊಬ್ಬ ಬೇಕು. ರಾತ್ರಿ ಗುಹೆ ಪ್ರವಾಸ ಅಂತ ಮಾರುವವರಿದ್ದಾರೆ. ಅರಣ್ಯ ಇಲಾಖೆಯ ಅನುಮತಿ ಪತ್ರ ತೋರಿಸಿ ಅನ್ನಿ, ಅರ್ಧ ಜನ ಅಲ್ಲೇ ಮಾತು ಬದಲಿಸುತ್ತಾರೆ. ಹೇಗೂ ಸಂದಿಯೊಳಗೆ ಹಗಲೂ ಕತ್ತಲೆಯೇ. ರಾತ್ರಿ ಹೋಗುವುದರಿಂದ ಹೆಚ್ಚಾಗುವುದು ಇಳಿಯುವ ದಾರಿಯಲ್ಲಿ ಕಾಲು ಉಳುಕುವ ಸಂಭವ ಮಾತ್ರ.

ಬಾವಲಿ ಕಂಡರೆ ಬೆಳಕು ತಗ್ಗಿಸಿ ಸುಮ್ಮನೆ ಹಿಂದೆ ಸರಿಯಿರಿ. ಹಿಕ್ಕೆ ಒಣಗಿದ ದೂಳಿನಲ್ಲಿ ಶ್ವಾಸಕೋಶಕ್ಕೆ ಹತ್ತುವ ಶಿಲೀಂಧ್ರ ಇರಬಹುದು, ಅಲ್ಲಿ ತೆವಳುವುದು ಬೇಡ. ಕೋಲಾರ ಜಿಲ್ಲೆಯ ಮಟ್ಟಿಗೆ ಇದು ಇನ್ನೂ ಸೂಕ್ಷ್ಮ. ಕೋಲಾರ ಎಲೆಮೂಗಿನ ಬಾವಲಿ ಅನ್ನುವ ಜಾತಿ ಇಡೀ ಪ್ರಪಂಚದಲ್ಲಿ ಉಳಿದಿರುವುದು ಇದೇ ಜಿಲ್ಲೆಯ ಹನುಮನಹಳ್ಳಿಯ ಒಂದೇ ಗುಹೆಯಲ್ಲಿ, ಅದೂ ಕೆಲವೇ ನೂರರ ಒಳಗೆ. ಗೈಡ್ ಯಾರಾದರೂ ‘ಹೊಸ ಗವಿ ತೋರಿಸ್ತೀನಿ’ ಅಂದರೆ ಕುಣಿಯುವ ಮುಂಚೆ ಅದರಲ್ಲಿ ಏನಿದೆ ಅಂತ ಕೇಳಿ.

ಬೇಲಂ: ನಡಿಗೆ ಸುಲಭ, ಗಾಳಿ ಭಾರ

ಆಂಧ್ರದ ನಂದ್ಯಾಲ ಜಿಲ್ಲೆ, ತಾಡಿಪತ್ರಿಯಿಂದ ಸುಮಾರು 30 ಕಿ.ಮೀ. ಮೈಸೂರಿನಿಂದ ಹೋಗಿಬರಲು ಎರಡು ದಿನ ಇಟ್ಟುಕೊಳ್ಳಿ, ಗಂಡಿಕೋಟೆ ಸೇರಿಸಿಕೊಂಡರೆ ದಾರಿ ಖರ್ಚಿಗೆ ನ್ಯಾಯ ಸಿಗುತ್ತದೆ. 1884ರಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದನ್ನು ದಾಖಲಿಸಿದರು. 1982ರಿಂದ 84ರ ನಡುವೆ ಡೇನಿಯಲ್ ಗೆಬಾವರ್ ನೇತೃತ್ವದ ಜರ್ಮನ್ ತಂಡ ಅಳತೆ ಮಾಡಿತು. ಒಟ್ಟು ಉದ್ದ 3,229 ಮೀಟರ್. ಜನರಿಗೆ ತೆರೆದಿರುವುದು ಸುಮಾರು ಒಂದೂವರೆ ಕಿ.ಮೀ. ತೀರಾ ಆಳದ ಪಾತಾಳಗಂಗೆ ಬಾಗಿಲಿನಿಂದ 46 ಮೀಟರ್ ಕೆಳಗೆ.

ಅಂತರಗಂಗೆಯಲ್ಲಿ ಪಳಗಿದವರು ಇಲ್ಲಿಗೆ ಬಂದು ‘ಇಷ್ಟೇನಾ’ ಅನ್ನುತ್ತಾರೆ. ದೀಪ, ಮೆಟ್ಟಿಲು, ಸಮತಟ್ಟಾದ ದಾರಿ. ಆದರೆ ಮೂರನೆಯ ಪ್ರಶ್ನೆ ಹಾಕಿದ ಕೂಡಲೇ ತಕ್ಕಡಿ ವಾಲುತ್ತದೆ. ಆಳದ ಗುಹೆಯೊಳಗಿನ ಉಷ್ಣತೆ ಆ ಊರಿನ ವರ್ಷಪೂರ್ತಿಯ ಸರಾಸರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ರಾಯಲಸೀಮೆಯ ಸರಾಸರಿ ಎಷ್ಟು ಅಂತ ಹೇಳಬೇಕೆ? ಅದಕ್ಕೆ ಗುಹೆಯ ತೇವ ಸೇರಿಸಿ. ಬೆವರು ಬರುತ್ತದೆ, ಆರುವುದಿಲ್ಲ. ಆರದ ಬೆವರಿನಿಂದ ಮೈ ತಂಪಾಗುವುದಿಲ್ಲ. ಬೆಂಗಳೂರು–ಮೈಸೂರಿನ ಹವೆಗೆ ಒಗ್ಗಿದವರಿಗೆ ಅರ್ಧ ಗಂಟೆಯಲ್ಲಿ ತಲೆ ಭಾರವಾಗುವುದು ಇದಕ್ಕೆ. ಗುಹೆಯೊಳಕ್ಕೆ ಹೊರಗಾಳಿ ಬಿಡುವ ವ್ಯವಸ್ಥೆ ಮಾಡಿದ್ದಾರೆ, ಅದರ ಬಾಯಿ ಇರುವ ಕಡೆ ನಿಂತು ಸುಧಾರಿಸಿಕೊಂಡು ಮುಂದೆ ಹೋಗಿ. ಗಟ್ಟಿಮುಟ್ಟಾದವರೂ ಪಾತಾಳಗಂಗೆಯಿಂದ ಮೇಲೇರುವಾಗ ಏದುಸಿರು ಬಿಡುತ್ತಾರೆ.

ಬಿಸಿಯ ಏದುಸಿರಿಗೂ ಕೆಟ್ಟ ಗಾಳಿಯ ಏದುಸಿರಿಗೂ ವ್ಯತ್ಯಾಸ ತಿಳಿದಿರಲಿ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ತಗ್ಗಿನಲ್ಲಿ, ಮುಚ್ಚಿದ ಮೂಲೆಯಲ್ಲಿ ನಿಲ್ಲುತ್ತದೆ. ಸುಮ್ಮನೆ ನಿಂತಾಗಲೂ ಉಸಿರು ಜೋರಾಗಿ, ತಲೆನೋವು ಒತ್ತಿಕೊಂಡು ಬಂದರೆ ಇನ್ನಷ್ಟು ಇಳಿಯದೆ ತಕ್ಷಣ ಮೇಲಕ್ಕೆ ಬರಬೇಕು. ಲೈಟರ್ ಹಚ್ಚಿ ನೋಡುವ ಹಳೇ ಉಪಾಯ ನಂಬಬೇಡಿ. ಬೆಂಕಿ ಆಮ್ಲಜನಕ ಕಡಿಮೆಯಾದರೆ ಆರುತ್ತದೆ, ಇಂಗಾಲದ ಡೈಆಕ್ಸೈಡ್ ನಿಮ್ಮನ್ನು ಅದಕ್ಕೂ ಮುಂಚೆಯೇ ಕಾಡಬಹುದು.

ಬೇಲಂಗೆ ಹೆಲ್ಮೆಟ್, ಮಂಡಿಪಟ್ಟಿ ಹೊತ್ತು ಹೋಗಬೇಡಿ. ತೆಳುವಾದ ಹತ್ತಿ ಅಂಗಿ, ತಲಾ ಒಂದು ಲೀಟರ್ ನೀರು, ಸ್ವಲ್ಪ ಉಪ್ಪು–ಸಕ್ಕರೆ, ಒಂದು ಚಿಕ್ಕ ಟಾರ್ಚ್ ಸಾಕು. ಟಾರ್ಚ್ ಕರೆಂಟ್ ಹೋದರೆ ಅಂತ. ಏಪ್ರಿಲ್–ಮೇ ಬಿಟ್ಟು ನವೆಂಬರ್‌ನಿಂದ ಫೆಬ್ರುವರಿ ನೋಡಿ. ಒಳಗಿನ ಬಿಸಿ ಹೆಚ್ಚೇನೂ ಬದಲಾಗದಿದ್ದರೂ ಹೊರಗೆ ಬಂದಾಗ ತಂಗಾಳಿ ಸಿಗುತ್ತದೆ. ರಕ್ತದೊತ್ತಡ, ಉಬ್ಬಸ ಇರುವವರಿಗೆ ಬೇಲಂ ಬೇಡ ಅನ್ನುತ್ತೇವೆ. ಜಾಹೀರಾತಿನಲ್ಲಿ ಇದಕ್ಕೇ ಹಸಿರು ಬಣ್ಣ.

ಮೇಘಾಲಯ: ನೀರಿನ ಗುಹೆ

ಖಾಸಿ ಭಾಷೆಯಲ್ಲಿ ಗುಹೆಗೆ ‘ಕ್ರೆಮ್’ ಅನ್ನುತ್ತಾರೆ. ಅಲ್ಲಿ ಮೂರು ದರ್ಜೆಯ ಗುಹೆ ಒಂದೇ ನಾಡಿನಲ್ಲಿ ಸಿಗುತ್ತವೆ, ಮತ್ತು ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ. ಸೊಹ್ರಾ ಅಂದರೆ ಚಿರಾಪುಂಜಿಯ ಮಾವ್‌ಸ್ಮಾಯ್ ಸುಮಾರು 150 ಮೀಟರ್, ದೀಪ ಹಾಕಿದ್ದು, ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಒಂದೆರಡು ಕಡೆ ಬಗ್ಗಬೇಕು, ಅಷ್ಟೇ. ಇದೇ ‘ಮೇಘಾಲಯ ಕೇವಿಂಗ್’ ಅಂತ ಮಾರಾಟವಾಗುತ್ತದೆ. ಅದೇ ಊರಿನ ಕ್ರೆಮ್ ಮಾವ್‌ಮ್ಲುಹ್ ಏಳು ಕಿ.ಮೀ. ದಾಟಿದ್ದು, ದೀಪ ಇಲ್ಲ, ನೀರಲ್ಲಿ ನಡೆಯಬೇಕು. ಇಲ್ಲಿನ ಒಂದು ಕಲ್ಲುಕಂಬದ ಪದರಗಳನ್ನು ಓದಿಯೇ 4,200 ವರ್ಷದ ಹಿಂದಿನ ಬರಗಾಲದಿಂದ ಈಚಿನ ಕಾಲಕ್ಕೆ 2018ರಲ್ಲಿ ಭೂವಿಜ್ಞಾನಿಗಳು ‘ಮೇಘಾಲಯನ್’ ಅಂತ ಹೆಸರಿಟ್ಟದ್ದು. ಜೈಂತಿಯಾ ಬೆಟ್ಟದ ಕ್ರೆಮ್ ಚಿಂಪೆಯಲ್ಲಿ ಸುಣ್ಣ ಕಟ್ಟಿ ಆದ ಅಣೆಕಟ್ಟುಗಳಿವೆ, ಅವುಗಳ ನಡುವಿನ ಮಡುಗಳನ್ನು ಲೈಫ್ ಜಾಕೆಟ್ ಹಾಕಿ ಈಜಿ ದಾಟಬೇಕು. ಕ್ರೆಮ್ ಲಿಯಾಟ್ ಪ್ರಾಹ್ ಮೂವತ್ತು ಕಿ.ಮೀ. ಮೀರಿದ್ದು, ಅದು ಅಳತೆ ತಂಡಗಳ ಜೊತೆ ಹೋಗುವ ಜಾಗ.

ಅಂತರಗಂಗೆಗೂ ಇದಕ್ಕೂ ನಡುವಿನ ಮುಖ್ಯ ವ್ಯತ್ಯಾಸ ಚಳಿ. ಸರಾಸರಿ ಉಷ್ಣತೆಯ ಅದೇ ನಿಯಮ ಇಲ್ಲಿ ತಿರುಗಿ ಹೊಡೆಯುತ್ತದೆ. ಸೊಂಟದವರೆಗೆ ನೀರಲ್ಲಿ ಎರಡು ಗಂಟೆ ನಿಂತರೆ ಮೈಸೂರಿನ ಹುಡುಗನ ಹಲ್ಲು ಕಟಕಟ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಮೈಬಿಸಿ ಕದಿಯುತ್ತದೆ. ಬೇಲಂಗೆ ಹೇಳಿದ ಹತ್ತಿ ಅಂಗಿ ಇಲ್ಲಿ ಶತ್ರು: ನೀರು ಹೀರಿ ಮೈಗೆ ಅಂಟಿಕೊಂಡು ಒಣಗದು. ಕ್ರೀಡಾಪಟುಗಳ ಸಿಂಥೆಟಿಕ್ ಒಳಅಂಗಿ, ಮೇಲೆ ಉಣ್ಣೆ ಅಥವಾ ಫ್ಲೀಸ್. ಚಳಿ ಹಿಡಿದವನ ಮೊದಲ ಗುರುತು ನಡುಕವಾದರೆ ಎರಡನೆಯದು ಮಾತು. ಸೂಜಿಗೆ ದಾರ ಪೋಣಿಸುವ ಹಾಗೆ ತಡವರಿಸುತ್ತಾನೆ, ಹೆಲ್ಮೆಟ್ ಬಕಲ್ ಹಾಕಲು ಬರುವುದಿಲ್ಲ, ‘ನಾ ಸರಿಯಾಗಿದ್ದೀನಿ’ ಅನ್ನುತ್ತಾನೆ. ಅವನ ಮಾತು ಕೇಳಬೇಡಿ, ಹೊರಕ್ಕೆ ತನ್ನಿ.

ಎರಡನೆಯದು ಮಳೆ. ಹೋಗುವ ಕಾಲ ಡಿಸೆಂಬರ್‌ನಿಂದ ಮಾರ್ಚ್. ಗುಹೆಯ ಬಾಯಲ್ಲಿ ಬಿಸಿಲಿದ್ದರೂ ಮೇಲಿನ ಬೆಟ್ಟದಲ್ಲಿ ಸುರಿದ ಮಳೆ ಒಳಗೆ ಏರುತ್ತದೆ. 2018ರ ಜೂನ್ 23ರಂದು ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಗೆ ಹೊಕ್ಕ 12 ಹುಡುಗರು ಮತ್ತು ತರಬೇತುದಾರ ಸಿಕ್ಕಿಕೊಂಡದ್ದು ಹೀಗೇ. ಕೊನೆಯವರು ಹೊರಬಂದದ್ದು ಜುಲೈ 10ಕ್ಕೆ. ನೀರು ಕದಡಿ ಕೆಂಪಾಗುವುದು, ತೇಲಿಬರುವ ಎಲೆಕಡ್ಡಿ, ಸದ್ದು ಬದಲಾಗುವುದು, ಇವು ಏರುವ ಮುಂಚಿನ ಗುರುತು. ಗೋಡೆಯಲ್ಲಿ ತಲೆಗಿಂತ ಮೇಲೆ ಒಣಗಿದ ಕೆಸರು, ಸಿಕ್ಕಿಕೊಂಡ ಕಡ್ಡಿ ಕಂಡರೆ ಹಿಂದೆ ಅಲ್ಲಿಯವರೆಗೂ ನೀರು ಬಂದಿತ್ತು ಅಂತ ಅರ್ಥ.

ಹಗ್ಗದಲ್ಲಿ ಇಳಿಯುವ ಗುಹೆಗಳೂ ಅಲ್ಲಿವೆ. ಬೇರೆ ವಿದ್ಯೆ ಅದು. ಇಳಿಯುವುದನ್ನು ಯಾರು ಬೇಕಾದರೂ ಒಂದು ಗಂಟೆಯಲ್ಲಿ ಕಲಿಸುತ್ತಾರೆ, ಅದೇ ಹಗ್ಗದಲ್ಲಿ ಏರಿ ಬರಲು ಕಲಿಯದವನು ಇಳಿಯಬಾರದು. ರಾಮನಗರದ ಬಂಡೆಯಲ್ಲಿ ರ್‍ಯಾಪೆಲಿಂಗ್ ಮಾಡಿದ ಫೋಟೋ ಇದ್ದ ಮಾತ್ರಕ್ಕೆ ಅರ್ಹತೆ ಬಂದಂತಲ್ಲ. ಅಲ್ಲಿ ಕೆಳಗೆ ಇಳಿದರೆ ರಸ್ತೆ ಇದೆ.

ಸಾಮಾನು, ಸಂಕ್ಷಿಪ್ತವಾಗಿ

ಬೆಳಕಿನ ವಿಷಯದಲ್ಲಿ ಜಿಪುಣತನ ಬೇಡ. ತಲೆಗೊಂದು, ಬ್ಯಾಗಿನಲ್ಲೊಂದು, ಜೇಬಿನಲ್ಲೊಂದು ಚಿಕ್ಕದು, ಹೀಗೆ ಒಬ್ಬರಿಗೆ ಮೂರು. 200 ಲುಮೆನ್ ಧಾರಾಳವಾಯಿತು. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ ‘40 ಗಂಟೆ’ ಮಂದ ಬೆಳಕಿನ ಲೆಕ್ಕ. ಪೂರ್ತಿ ಬೆಳಕಿಗೆ ಎಷ್ಟು ಅಂತ ಚಿಕ್ಕ ಅಕ್ಷರದಲ್ಲಿ ಹುಡುಕಿ. ಮೊಬೈಲ್ ಟಾರ್ಚ್ ಲೆಕ್ಕಕ್ಕಿಲ್ಲ, ಅದು ಒಂದು ಕೈಯನ್ನು ನುಂಗುತ್ತದೆ, ಮೂರು ಊರುಗಾಲಿನ ಪಾಠ ಅಲ್ಲಿಗೆ ಮುಗಿಯಿತು. ಬೈಕ್ ಹೆಲ್ಮೆಟ್ ತರುವವರಿದ್ದಾರೆ. ಭಾರ, ಕಿವಿ ಮುಚ್ಚುತ್ತದೆ, ಕತ್ತೆತ್ತಲು ಆಗುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಕಟ್ಟಡ ಕೆಲಸದ ಹೆಲ್ಮೆಟ್ಟಿಗೆ ಗಲ್ಲದ ಪಟ್ಟಿ ಇದ್ದರೆ ಬಂಡೆಗವಿಗೆ ಸಾಕು. ಟೈಲ್ಸ್ ಹಾಕುವವರ ಮಂಡಿಪಟ್ಟಿ, ಹಿಡಿತವಿರುವ ರಬ್ಬರ್ ಅಂಗೈಯ ಕೈಗವಸು, ಇವೆಲ್ಲ ಸಂತೆಪೇಟೆಯಲ್ಲೇ ಸಿಗುತ್ತವೆ. ಮೇಘಾಲಯಕ್ಕೆ ಗದ್ದೆಯಲ್ಲಿ ಹಾಕುವ ಗಮ್‌ಬೂಟ್ ಒಳ್ಳೆಯದು, ಮಂಡ್ಯದ ಯಾವ ಗೊಬ್ಬರದಂಗಡಿಯಲ್ಲಾದರೂ ಕೇಳಿ. ಅದೇ ಬೂಟು ಕುಂತಿಬೆಟ್ಟಕ್ಕೆ ಹಾಕಿದರೆ ಪಾದ ಒಳಗೇ ಜಾರುತ್ತದೆ, ಅಲ್ಲಿಗೆ ಬಿಗಿಯಾದ ಕ್ಯಾನ್ವಾಸ್ ಶೂ.

ಬಂಡೆಗವಿ ಯಾವುದಕ್ಕೇ ಆಗಲಿ ನಾಲ್ವರಿಗಿಂತ ಕಡಿಮೆ ಹೋಗಬೇಡಿ. ಒಬ್ಬನಿಗೆ ಪೆಟ್ಟಾದರೆ ಒಬ್ಬ ಪಕ್ಕದಲ್ಲಿ ಕೂರಬೇಕು, ಸಹಾಯಕ್ಕೆ ಹೋಗುವವರು ಇಬ್ಬರಿರಬೇಕು. ಹೊರಡುವ ಮುಂಚೆ ಊರಿನಲ್ಲಿ ಒಬ್ಬರಿಗೆ ಮೂರು ವಿಷಯ ಬರೆದು ಕಳಿಸಿ: ಯಾವ ಬೆಟ್ಟ, ಯಾವ ಕಡೆಯ ದಾರಿ, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ 112ಕ್ಕೆ ಹೇಳಬೇಕು. ಆ ಗಂಟೆಯನ್ನು ‘ಸಾಯಂಕಾಲ’ ಅಂತ ಬರೆಯಬೇಡಿ, ‘4.30’ ಅಂತ ಬರೆಯಿರಿ. ಹೊರಗೆ ಬಂದ ಕೂಡಲೇ, ಕಾಫಿಗೂ ಮುಂಚೆ, ಆ ಫೋನ್ ಮಾಡಿ. ಒಳಗೆ ಸಿಗ್ನಲ್ ಇರಲಿಲ್ಲ ಅಂತ ಆ ಕಡೆಯವರಿಗೆ ಗೊತ್ತಿರುವುದಿಲ್ಲ.